ಎರಡು ‘ನೆಟ್’, ಒಂದು ಕಾಣದ ಅಕ್ಷರ

ಭದ್ರಾವತಿಯಲ್ಲಿ ಲಾರಿ ತೂಗುವ ಆ ವೇಬ್ರಿಡ್ಜ್‌ನ ಕ್ಯಾಬಿನ್ನಿಗೆ ಇರುವುದು ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುತ್ತದೆ. ಒಳಗೆ ಒಂದು ಮೇಜು, ಪ್ರಿಂಟರು, ತೂಕವನ್ನು ಕೆಂಪಂಕಿಯಲ್ಲಿ ತೋರಿಸುವ ಡಬ್ಬಿ, ಎರಡು ಕುರ್ಚಿ. ಎರಡನೇ ಕುರ್ಚಿಯಲ್ಲಿ ಯಾರಾದರೂ ಕೂತರೆ ಬಾಗಿಲು ತೆಗೆಯಲಾಗುವುದಿಲ್ಲ. ಅವರು ಎದ್ದು, ಕುರ್ಚಿಯನ್ನು ಎತ್ತಿ ಹಿಡಿದರೆ ಮಾತ್ರ ಒಳಗಿನವರು ಹೊರಗೆ ಹೋಗಬಹುದು.

ಆ ದಿನ ಎರಡನೇ ಕುರ್ಚಿಯಲ್ಲಿ ಮಾಲೀಕರು ಕೂತಿದ್ದರು. ಒಳಗಿನವಳು ನಾನು. ಗಾಜಿನಾಚೆ ಮೆಕ್ಕೆಜೋಳದ ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದ್ದವು. ನನ್ನೆದುರಿನ ಹೊಸ ಕಂಪ್ಯೂಟರಿನ ಪರದೆಯಲ್ಲಿ ಕೆಂಪಕ್ಷರದ ಸಾಲೊಂದು ಬಂದು ನಿಂತಿತ್ತು. ಇಂಗ್ಲಿಷಿನಲ್ಲಿದ್ದ ಅದರ ತಾತ್ಪರ್ಯ ಇಷ್ಟು: ಈ ಹೆಸರಿನಲ್ಲಿ ಕಣ್ಣಿಗೆ ಕಾಣದ ಅಕ್ಷರವಿದೆ, ಇದನ್ನು ಒಪ್ಪುವುದಿಲ್ಲ.

“ಏನ್ಮಾ, ಆಯ್ತಾ?” ಎಂದರು ಮಾಲೀಕರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಮಾತು ತಮಿಳು. ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಿದ್ದರು.

“ಐದ್ ನಿಮಿಷ ಸರ್.”

“ಐದ್ ನಿಮಿಷಾನ ನೀನು ಬೆಳಗ್ಗೆಯಿಂದ ಹೇಳ್ತಾ ಇದ್ದೀಯ. ಆ ಲಾರಿಯವನು ಹಾರನ್ ಹೊಡ್ದು ಹೊಡ್ದು ಬ್ಯಾಟ್ರಿ ಇಳಿಸ್ಕೊಂಡ.”

ನನ್ನ ಕಸುಬಿನ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಓದಿದ್ದು ಪಿಯುಸಿ. ಶಿವಮೊಗ್ಗದ ರವೀಂದ್ರನಗರದಲ್ಲಿ ಬಹಳ ವರ್ಷ ಡಿಟಿಪಿ ಅಂಗಡಿ ಇಟ್ಟಿದ್ದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ವಕೀಲರ ಅರ್ಜಿ, ಕಾಲೇಜಿನ ಪ್ರಬಂಧ, ಎಲ್ಲವನ್ನೂ ಕನ್ನಡದಲ್ಲಿ ಟೈಪು ಮಾಡುವುದು. ಮೊಬೈಲು ಬಂದು ಕಾಗದಗಳು ಕಡಿಮೆಯಾದಾಗ ಅಳುತ್ತ ಕೂರಲಿಲ್ಲ. ಟೈಪು ಮಾಡುವ ಕೈಗೆ ಪ್ರೋಗ್ರಾಂ ಬರೆಯುವುದು ದೊಡ್ಡ ವಿಷಯವೇನಲ್ಲ ಎಂದು ಒಬ್ಬ ಗಿರಾಕಿ ತಮಾಷೆಗೆ ಹೇಳಿದ್ದನ್ನು ನಾನು ನಿಜವೆಂದೇ ಹಿಡಿದೆ. ಕೂತು ಕಲಿತೆ. ಲಾರಿಯ ತೂಕ ಓದಿ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದು ಒಂದೊಂದೇ ವೇಬ್ರಿಡ್ಜ್‌ಗೆ ಕೊಟ್ಟೆ. ಈ ಮಾಲೀಕರು ನನ್ನ ಮೊದಲ ಗಿರಾಕಿ. ಉಳಿದವರೆಲ್ಲ ಬಂದದ್ದು ಇವರ ಮಾತು ಕೇಳಿ. ಹೊಸದಾಗಿ ಏನಾದರೂ ಶುರು ಮಾಡುವವರಿಗೆ ನನ್ನದೊಂದು ಸಲಹೆ: ಮೊದಲ ಗಿರಾಕಿಯನ್ನು ಆರಿಸುವಾಗ ಎಷ್ಟು ಕೊಡುತ್ತಾರೆ ಎಂದು ನೋಡಬೇಡಿ, ಎಷ್ಟು ಜನರ ಹತ್ತಿರ ಮಾತಾಡುತ್ತಾರೆ ಎಂದು ನೋಡಿ.

ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವುದಕ್ಕೆ ಕಂಪೈಲರ್ ಎನ್ನುತ್ತಾರೆ. ನಾನು ಬಳಸುವ ಕಂಪೈಲರಿಗೆ ಮಾಲೀಕರೇ ಇಲ್ಲ. ಎಲ್ಲೆಲ್ಲಿಯದೋ ಜನ ತಮ್ಮ ಬಿಡುವಿನಲ್ಲಿ ಕಟ್ಟುತ್ತಾರೆ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಆಗಾಗ ಹೊಸ ಆವೃತ್ತಿ ಬಿಡುಗಡೆಯಾಗುತ್ತದೆ. ಬೆಲೆ ಇಲ್ಲ. ಮೊದಮೊದಲು ಅದೇ ನನಗೆ ಕಸಿವಿಸಿ. ಬಜಾರಿನಲ್ಲಿ ಸೊಪ್ಪಿನಿಂದ ಸೀರೆಯವರೆಗೆ ಚೌಕಾಸಿ ಮಾಡಿಯೇ ಬೆಳೆದವಳು ನಾನು. ಬೆಲೆಯೇ ಹೇಳದವರ ಹತ್ತಿರ ಎಲ್ಲಿಂದ ಶುರು ಮಾಡುವುದು?

ಆಮೇಲೆ ನನ್ನದೇ ಒಂದು ದಾರಿ ಕಂಡುಕೊಂಡೆ. ಕಂಪೈಲರ್ ಎರಡು ಬಗೆಯಲ್ಲಿ ಆಕ್ಷೇಪಣೆ ಹೇಳುತ್ತದೆ. ಕೆಂಪಿನಲ್ಲಿ ಬಂದರೆ ತಪ್ಪು, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಳದಿಯಲ್ಲಿ ಬಂದರೆ ಎಚ್ಚರಿಕೆ. ಹೇಳುವುದನ್ನು ಹೇಳಿ, ಕೆಲಸವನ್ನೂ ಮಾಡಿಕೊಡುತ್ತದೆ. ಹಳದಿಯನ್ನು ನಾನು ಅಂಗಡಿಯವನ ಮೊದಲ ರೇಟಿನ ಹಾಗೆ ನೋಡುತ್ತಿದ್ದೆ. ಕೇಳಿಸಿಕೊಂಡ ಹಾಗೆ ಮಾಡಿ ಮುಂದೆ ನಡೆದರೆ ಅವನೇ ಹಿಂದೆ ಕರೆಯುತ್ತಾನೆ. ಕಾಣದ ಅಕ್ಷರದ ಮಾತು ವರ್ಷಗಟ್ಟಲೆ ಹಳದಿಯಲ್ಲಿ ಬರುತ್ತಿತ್ತು. ನಾನು ಮುಂದೆ ನಡೆಯುತ್ತಲೇ ಇದ್ದೆ. ಹೊಸ ಆವೃತ್ತಿಯಲ್ಲಿ ಅದನ್ನು ಕೆಂಪು ಮಾಡಿಬಿಟ್ಟಿದ್ದರು.

ಹಳೆಯ ಆವೃತ್ತಿಯಲ್ಲೇ ಇದ್ದುಬಿಡಬಹುದಿತ್ತಲ್ಲ ಎನ್ನಬಹುದು. ಕ್ಯಾಬಿನ್ನಿನ ಹಳೆಯ ಕಂಪ್ಯೂಟರು ವೋಲ್ಟೇಜು ಏರಿ ಸುಟ್ಟುಹೋಗಿತ್ತು. ಹೊಸದರಲ್ಲಿ ನನ್ನ ಹಳೆಯ ಪ್ರೋಗ್ರಾಂ ಓಡಲಿಲ್ಲ. ಹೊಸ ಕಂಪ್ಯೂಟರಿಗೆ ತಕ್ಕಂತೆ ಮತ್ತೆ ತಿರುಗಿಸುವ ವಿದ್ಯೆ ಹೊಸ ಆವೃತ್ತಿಗೆ ಮಾತ್ರ ಗೊತ್ತಿತ್ತು. ಹಿಂದಕ್ಕೆ ಹೋಗುವಂತಿಲ್ಲ, ಮುಂದಕ್ಕೆ ಬಿಡುತ್ತಿಲ್ಲ. ಬಾಗಿಲ ಕಡೆ ನೋಡಿದರೆ ಮಾಲೀಕರ ಕುರ್ಚಿ.

ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. “ಸರ್, ಡಬ್ಬೀಲಿ ತೂಕ ಸರಿಯಾಗಿ ಬರ್ತಿದೆ. ಇವತ್ತು, ನಾಳೆ ಕೈಯಲ್ಲೇ ಚೀಟಿ ಬರೀರಿ. ನಾಡಿದ್ದು ಪ್ರಿಂಟ್ ನನ್ನ ಜವಾಬ್ದಾರಿ.”

“ನನ್ನ ಅಕ್ಷರ ನಂಗೇ ಓದಕ್ಕಾಗಲ್ಲ ಕಣಮ್ಮಾ,” ಎಂದರು. ಆದರೂ ಕುರ್ಚಿ ಎತ್ತಿ ಹಿಡಿದರು. ಹೊರಗೆ ಬಂದು ಶಿವಮೊಗ್ಗದ ಬಸ್ಸು ಹತ್ತಿದೆ.

ಕಾಣದ ಅಕ್ಷರ ನನಗೆ ಹೊಸದಲ್ಲ, ನನ್ನ ಬೆರಳುಗಳದೇ ಹಳೆಯ ಚಾಳಿ. ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ಅಕ್ಷರ ಬಂದರೆ ಅದು ಒತ್ತಾಗಿ ಕೆಳಗೆ ಅಂಟಿಕೊಳ್ಳುತ್ತದೆ. ‘ಬಸ್‌ನಿಲ್ದಾಣ’ ಎಂದು ಹೊಡೆಯಲು ಹೋದರೆ ‘ಬಸ್ನಿಲ್ದಾಣ’ ಆಗುತ್ತದೆ. ಹಾಗಾಗದಿರಲೆಂದು ನಡುವೆ ಒಂದು ಕೀ ಒತ್ತುತ್ತೇವೆ. ಅದರಿಂದ ಪರದೆಯಲ್ಲಿ ಏನೂ ಮೂಡುವುದಿಲ್ಲ, ಅಕ್ಷರಗಳು ಬೇರೆಬೇರೆ ನಿಲ್ಲುತ್ತವೆ ಅಷ್ಟೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ‘ಬಿಡಿಸೋ ಕೀ’ ಎನ್ನುತ್ತಿದ್ದೆವು. ಮದುವೆ ಕಾಗದದಲ್ಲಿ ಮದುಮಗನ ಹೆಸರಿನ ಕೊನೆಯ ಅರ್ಧಾಕ್ಷರಕ್ಕೆ ಮುಂದಿನ ಅಕ್ಷರ ಅಂಟಿ, ಹುಡುಗಿ ಕಡೆಯವರು ಅಂಗಡಿಗೆ ಬಂದು ಕೂಗಾಡಿದ ಮೇಲಂತೂ ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಸಾಕು, ಬೇಕೋ ಬೇಡವೋ, ನನ್ನ ಬೆರಳು ಆ ಕೀ ಒತ್ತಿಯೇ ಮುಂದೆ ಹೋಗುತ್ತಿತ್ತು. ಪ್ರೋಗ್ರಾಮಿನಲ್ಲೂ ನಾನು ತೂಕಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೆ: ಒಟ್ಟು, ಖಾಲಿ, ನೆಟ್. ತುಂಬಿದ ಲಾರಿಯ ತೂಕ ಒಟ್ಟು. ಬರಿಯ ಲಾರಿಯದು ಖಾಲಿ. ಕಳೆದರೆ ಉಳಿಯುವ ಮಾಲಿನ ತೂಕ ನೆಟ್. ಆ ‘ನೆಟ್’ನ ಕೊನೆಯಲ್ಲಿ ಬಿಡಿಸೋ ಕೀ ಬಿದ್ದಿರುವುದು ಖಂಡಿತ.

ಮನೆಗೆ ಬಂದವಳು ಕಂಪೈಲರ್ ಕಟ್ಟುವವರಿಗೆ ಪತ್ರ ಬರೆದೆ. ನನ್ನ ಇಂಗ್ಲಿಷು ಒರಟು, ಆದರೆ ಚೌಕಾಸಿಗೆ ವ್ಯಾಕರಣ ಬೇಕಿಲ್ಲ. ನಾನು ಹಳೆಯ ಗಿರಾಕಿ, ಹಳಬರಿಗಾದರೂ ಇದನ್ನು ಹಳದಿಯಲ್ಲೇ ಇಡಿ, ಇನ್ನೊಂದು ಆವೃತ್ತಿಯವರೆಗೆ ಅವಕಾಶ ಕೊಡಿ, ಈ ಅಕ್ಷರವಿಲ್ಲದೆ ನಮ್ಮ ಭಾಷೆ ಬರೆಯುವುದು ಕಷ್ಟ, ನಿಮಗೆ ನಮ್ಮ ತಾಪತ್ರಯ ಗೊತ್ತಿಲ್ಲ. ಹೀಗೆ ಸ್ವಲ್ಪ ಬೈದು, ಸ್ವಲ್ಪ ಪೂಸಿ ಹೊಡೆದು, ನನ್ನ ಪ್ರೋಗ್ರಾಮನ್ನೂ ಜೊತೆಗೆ ಕಳಿಸಿದೆ.

ಬೆಳಗ್ಗೆ ಉತ್ತರ ಬಂದಿತ್ತು. ಬರೆದವರು ಗಂಡಸೋ ಹೆಂಗಸೋ, ಯಾವ ದೇಶದವರೋ ತಿಳಿಯದು. ನಿಮ್ಮ ಭಾಷೆಗೆ ಆ ಅಕ್ಷರ ಬೇಕೆಂಬುದು ನಮಗೆ ಗೊತ್ತು, ಆದರೆ ಹೆಸರುಗಳ ಕೊನೆಯಲ್ಲಿ ಅದನ್ನು ಇಷ್ಟು ದಿನ ಬಿಟ್ಟದ್ದು ನಮ್ಮ ತಪ್ಪು, ಅದರಿಂದ ನಿಮಗೆ ತೊಂದರೆಯಾಗಿದ್ದರೆ ಕ್ಷಮಿಸಿ ಎಂದು ಬರೆದಿದ್ದರು. ಅದರ ಕೆಳಗೆ ಒಂದು ಪ್ರಶ್ನೆ ಇತ್ತು. ನಿಮ್ಮ ಪ್ರೋಗ್ರಾಮಿನಲ್ಲಿ ಈ ಒಂದು ಹೆಸರು ಕೆಲವು ಕಡೆ ಕಾಣದ ಅಕ್ಷರದೊಂದಿಗೆ, ಕೆಲವು ಕಡೆ ಅದಿಲ್ಲದೆ ಇದೆ. ಹಳೆಯ ಕಂಪೈಲರಿಗೆ ಇವು ಎರಡು ಬೇರೆ ಹೆಸರುಗಳು. ನೀವು ಬೇಕೆಂದೇ ಹಾಗೆ ಮಾಡಿದ್ದೀರಾ?

ಕಾಫಿ ಲೋಟ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟೆನೋ ಇಲ್ಲವೋ ನೆನಪಿಲ್ಲ.

ಆ ಹೆಸರು ‘ನೆಟ್’. ಮುಖ್ಯ ಭಾಗವನ್ನು ನಾನು ಮನೆಯಲ್ಲಿ, ನನ್ನ ಕೀಲಿಮಣೆಯಲ್ಲಿ ಬರೆದದ್ದು. ಅಲ್ಲೆಲ್ಲ ಕಾಣದ ಅಕ್ಷರವಿತ್ತು. ಒಂದೇ ಒಂದು ಭಾಗವನ್ನು ಭದ್ರಾವತಿಯ ಕ್ಯಾಬಿನ್ನಿನಲ್ಲೇ ಕೂತು ಬರೆದಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಬಿಡಿಸೋ ಕೀ ಇರಲಿಲ್ಲ. ಚೀಟಿ ಕಳೆದುಕೊಂಡ ಡ್ರೈವರಿಗೆ ಡೂಪ್ಲಿಕೇಟ್ ಚೀಟಿ ಕೊಡುವ ಭಾಗ ಅದು. ಮಾಲೀಕರು ಕೇಳಿದ ದಿನವೇ, ಅವರು ಚಾ ತರಿಸಿ ಕುಡಿಯುವಷ್ಟರಲ್ಲಿ ಬರೆದುಕೊಟ್ಟು, ನೋಡಿ ನನ್ನ ಸ್ಪೀಡು ಎಂದು ಬೀಗಿದ್ದೆ. ಕಾಗದ ಉಳಿಯಲೆಂದು ಡೂಪ್ಲಿಕೇಟಿನಲ್ಲಿ ಲಾರಿ ನಂಬರು, ನೆಟ್ ತೂಕ ಎರಡು ಮಾತ್ರ ಬರುವಂತೆ ಮಾಡಿದ್ದೆ. ನಾನು ಬರೆದದ್ದು ಮಾಡುತ್ತಿದ್ದುದು ಏನು ಎಂದರೆ, ಕೇಳಿದ ಲಾರಿಯ ಒಟ್ಟು ತೂಕದಿಂದ ಖಾಲಿ ತೂಕ ಕಳೆದು ಒಂದು ‘ನೆಟ್’ನಲ್ಲಿ ಇಡುತ್ತಿತ್ತು, ಮುದ್ರಿಸುವಾಗ ಮುಖ್ಯ ಭಾಗದ ಇನ್ನೊಂದು ‘ನೆಟ್’ನಿಂದ ತೆಗೆಯುತ್ತಿತ್ತು. ಆ ಇನ್ನೊಂದರಲ್ಲಿ ಇರುತ್ತಿದ್ದುದು ಕೊನೆಗೆ ತೂಗಿದ ಲಾರಿಯ ತೂಕ. ಚೀಟಿ ಕೇಳಿದವನದೇ ಕೊನೆಯ ಲಾರಿಯಾದರೆ ಎಲ್ಲ ಸರಿ. ನಡುವೆ ಬೇರೊಂದು ಲಾರಿ ತೂಕದ ಕಾಟಾ ಹತ್ತಿ ಇಳಿದಿದ್ದರೆ, ಇವನ ನಂಬರಿನ ಮುಂದೆ ಅವನ ತೂಕ.

ಹಾಗೆ ಒಂದು ಸಲ ಆಗಿತ್ತು.

ಆಗ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದ ಆಪರೇಟರು ನನಗಿಂತ ಎರಡು ಮೂರು ವರ್ಷ ಚಿಕ್ಕವರು. ಮಿತವಾಗಿ ಮಾತಾಡುವ ಮನುಷ್ಯ. ಒಬ್ಬ ಡ್ರೈವರು ಚೀಟಿ ಕಳೆದುಕೊಂಡು ಮರಳಿ ಬಂದ, ಇವರು ಡೂಪ್ಲಿಕೇಟ್ ಕೊಟ್ಟರು. ಆಮೇಲೆ ಮೂಲ ಚೀಟಿ ಅವನ ಸೀಟಿನ ಕೆಳಗೇ ಸಿಕ್ಕಿತು. ಎರಡರಲ್ಲೂ ಬೇರೆ ಬೇರೆ ತೂಕ. ಮಾಲು ಕೊಳ್ಳುವವರು ಎರಡನ್ನೂ ತಂದು ಮಾಲೀಕರ ಮುಂದೆ ಹಿಡಿದರು. ಆಪರೇಟರು ಡ್ರೈವರಿನೊಂದಿಗೆ ಸೇರಿಕೊಂಡು ತೂಕ ಏರಿಸಿದ್ದಾರೆ ಎಂದರು. “ನಾನು ಬಟನ್ ಒತ್ತಿದ್ದಷ್ಟೇ ಸಾರ್,” ಎಂದರು ಆಪರೇಟರು. ನನ್ನನ್ನು ಕರೆಸಿದರು. ನಾನು ಎಲ್ಲರೆದುರು ಒಂದು ಲಾರಿ ತೂಗಿಸಿ, ತಕ್ಷಣ ಡೂಪ್ಲಿಕೇಟ್ ತೆಗೆದು ತೋರಿಸಿದೆ. ಸರಿಯಾಗೇ ಬಂತು. ಬರದೆ ಏನು! “ಕಂಪ್ಯೂಟರಿಗೆ ಸಂಬಂಧಿಕರಿಲ್ಲ ಸರ್. ತಪ್ಪು ಕೈಯಲ್ಲಿರುತ್ತೆ,” ಎಂದೆ. ಜನ ನಕ್ಕರು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಹೀಗಾಗದಿರಲು ಪ್ರತಿ ಆಪರೇಟರಿಗೂ ಒಂದು ಪಾಸ್‌ವರ್ಡ್ ಇಡುವುದು ಒಳ್ಳೆಯದೆಂದು ಹೇಳಿ, ಅಲ್ಲೇ ನಿಂತು ಆ ಕೆಲಸವನ್ನೂ ಗಿಟ್ಟಿಸಿಕೊಂಡೆ. ಆಪರೇಟರನ್ನು ಕೆಲಸದಿಂದ ಬಿಡಿಸಿದರು. ಡೂಪ್ಲಿಕೇಟ್ ಕೊಡುವುದನ್ನೇ ನಿಲ್ಲಿಸಿದರು. ಲಾರಿಯವರು ಆ ಮನುಷ್ಯನಿಗೆ ‘ಡೂಪ್ಲಿಕೇಟ್’ ಎಂದು ಹೆಸರಿಟ್ಟರು.

ಈಗ ತಿದ್ದುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಎಲ್ಲ ‘ನೆಟ್’ಗಳ ಕೊನೆಯ ಕಾಣದ ಅಕ್ಷರ ತೆಗೆದುಹಾಕಿದೆ. ಕೆಂಪು ಸಾಲು ಹೋಯಿತು. ಪ್ರೋಗ್ರಾಂ ಸಿದ್ಧ. ಒಯ್ದು ಹಾಕಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಮೊದಲ ಗಿರಾಕಿ ಹೋಗುತ್ತಾರೆ, ಅವರ ಮಾತು ಕೇಳಿ ಬಂದವರೂ ಹೋಗುತ್ತಾರೆ. ತೂಕದ ಕಸುಬಿನಲ್ಲಿ ಒಂದು ಚೀಟಿಯ ಮೇಲೆ ಅನುಮಾನ ಬಂದರೆ ಸಾಕು, ಎಲ್ಲ ಚೀಟಿಗಳ ಮೇಲೂ ಬರುತ್ತದೆ. ಮಾಲೀಕರು ಆಗಲೇ ಎರಡು ಸಲ ಫೋನು ಮಾಡಿದ್ದರು. ನಾನು ಎತ್ತಿರಲಿಲ್ಲ.

ಆ ಹೊತ್ತಿನಲ್ಲಿ ಮಾಡಲು ಬೇರೇನೂ ತೋಚದೆ ಹೊಸ ಆವೃತ್ತಿಯ ಜೊತೆಗೆ ಬಂದಿದ್ದ ಬದಲಾವಣೆಗಳ ಪಟ್ಟಿ ಓದಿದೆ. ಮೊದಲೇ ಓದಬೇಕಿತ್ತು. ಓದಿ, ನೀವಾದರೂ ಓದಿ. ಬಿಟ್ಟಿ ಸಿಕ್ಕಿದ್ದಕ್ಕೂ ಒಂದು ಕಾಗದ ಇರುತ್ತದೆ. ಹೊಸದಾಗಿ ಏನೇನು ಸೇರಿಸಿದ್ದೇವೆ ಎನ್ನುವುದಕ್ಕಿಂತ ಉದ್ದವಾಗಿತ್ತು, ಹಳೆಯದರಲ್ಲಿ ನಾವು ಏನೇನು ತಪ್ಪು ಮಾಡಿದ್ದೆವು ಎನ್ನುವ ಭಾಗ. ಅಂಗಡಿ ಬಾಗಿಲಲ್ಲೇ ಹಾಗೆ ಬೋರ್ಡು ಹಾಕಿಕೊಂಡವರನ್ನು ನಾನು ಕಂಡಿರಲಿಲ್ಲ. ನನಗೆ ಅವರ ಮೇಲೆ ಗೌರವ ಬರಲಿಲ್ಲ, ಸಿಟ್ಟು ಬಂತು. ಅವರಿಗೇನು, ಅವರಿಗೆ ಗಿರಾಕಿ ಹೋಗುವ ಭಯವಿಲ್ಲ.

ಮಧ್ಯಾಹ್ನ ತ್ಯಾವರೆಕೊಪ್ಪಕ್ಕೆ ಹೋದೆ. ಆ ಆಪರೇಟರು ಅಲ್ಲಿ ಹುಲಿ-ಸಿಂಹ ಸಫಾರಿಯ ಗೇಟಿನ ಹೊರಗೆ ಮಂಡಕ್ಕಿ ಗಾಡಿ ಇಟ್ಟಿದ್ದಾರೆಂದು ಕೇಳಿ ಗೊತ್ತಿತ್ತು. ಒಳಗಿನಿಂದ ಸಫಾರಿ ಬಸ್ಸು ಬಂದು ನಿಂತಿತು. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ, ಅದರ ಹಿಂದೆ ಮಕ್ಕಳ ಮುಖ. ಜನ ಇಳಿದು ಗಾಡಿಗೆ ಮುತ್ತಿಕೊಂಡರು. ಅವರೆಲ್ಲ ಹೋಗುವವರೆಗೆ ನಾನು ಪಕ್ಕದಲ್ಲಿ ನಿಂತಿದ್ದೆ.

“ಖಾರ ಜಾಸ್ತಿನಾ ಅಕ್ಕಾ?” ಎಂದು ತಲೆ ಎತ್ತಿದವರು ಗುರುತು ಹಿಡಿದರು. “ಓ. ಕಂಪ್ಯೂಟರ್ ಮೇಡಂ.”

ಹೇಳಿದೆ. ಬಿಡಿಸೋ ಕೀ, ಎರಡು ನೆಟ್, ಹೊಸ ಆವೃತ್ತಿ, ಎಲ್ಲ. ಹೇಳುತ್ತಿದ್ದಷ್ಟು ಹೊತ್ತೂ ಅವರು ಈರುಳ್ಳಿ ಹೆಚ್ಚುತ್ತಿದ್ದರು. ಆಮೇಲೆ ಕೇಳಿದರು, “ಹಂಗಾದ್ರೆ ಆ ಪಾಸ್‌ವರ್ಡ್ ಯಾರಿಗೆ ಹಾಕಿದ್ದು ನೀವು?”

ಅವರು ಇನ್ನೊಂದು ಈರುಳ್ಳಿ ಎತ್ತಿಕೊಂಡರು.

“ಇಷ್ಟು ದೂರ ಬಂದು ನಂಗೆ ಹೇಳಿ ಏನ್ ಬಂತು ಮೇಡಂ? ನಾನು ಮಾಡಿಲ್ಲ ಅಂತ ನಂಗೆ ಗೊತ್ತಿತ್ತಲ್ಲ. ಗೊತ್ತಿಲ್ದೋರಿಗೆ ಹೇಳಿ.”

“ಮಾಲೀಕರಿಗೆ ಫೋನ್ ಮಾಡಿ ಹೇಳ್ತೀನಿ. ಈಗ್ಲೇ ಮಾಡ್ತೀನಿ, ನಿಮ್ಮೆದುರಿಗೇ.”

“ಫೋನಲ್ಲಿ ಹೇಳಿದ್ದು ಲಾರಿಯೋರಿಗೆ ಕೇಳ್ಸುತ್ತಾ?” ಚಾಕು ಕೆಳಗಿಟ್ಟರು. “ಮೊನ್ನೆ ನನ್ನ ಮಗಳು ಪೆಟ್ರೋಲ್ ಬಂಕಲ್ಲಿ ನಿಂತಿದ್ಲು. ಯಾವನೋ ಒಬ್ಬ ‘ಲೇ, ಡೂಪ್ಲಿಕೇಟ್ ಮಗಳು ಕಣೋ’ ಅಂದ್ನಂತೆ. ಅದು ಕೇಳೋಕೆ ಹೆಂಗಿರುತ್ತೆ ಹೇಳಿ ಮೇಡಂ. ಡೂಪ್ಲಿಕೇಟ್ ಮಗಳು. ಮನೆಗೆ ಬಂದು ಅವಳು ನಂಗೆ ಹೇಳಲಿಲ್ಲ, ಅವರಮ್ಮಂಗೆ ಹೇಳಿದ್ಲು. ಬರ್ದು ಕೊಡಿ ನಂಗೆ. ಆ ಕಾಟಾ ಕ್ಯಾಬಿನ್ ಗಾಜಿಗೆ ಅಂಟಿಸ್ತೀನಿ.”

ಬರೆದುಕೊಡುವುದೆಂದರೆ ನನಗೆ ಆಗದು. ಇಷ್ಟು ವರ್ಷ ಬಾಯಿಮಾತಿನಲ್ಲೇ ವ್ಯಾಪಾರ ಮಾಡಿಕೊಂಡು ಬಂದವಳು. ಬಾಯಿಮಾತಿನಲ್ಲಿ ಜಾರಲು ಜಾಗವಿರುತ್ತದೆ. ಬೇಕಾದರೆ ಮಾಲೀಕರನ್ನೇ ಇಲ್ಲಿಗೆ ಕರೆಸುತ್ತೇನೆ ಎಂದೆ. ನಿಮ್ಮನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕೇಳುತ್ತೇನೆ ಎಂದೆ. “ಯಾರಿಗೆ ಬೇಕು ಮಾರಾಯ್ತಿ ಆ ಗೂಡು,” ಎಂದರು. ಮೇಡಂ ಹೋಗಿ ಮಾರಾಯ್ತಿ ಬಂದದ್ದು ಇಬ್ಬರ ಗಮನಕ್ಕೂ ಬಂತು. ಅವರು ಮಂಡಕ್ಕಿ ಕಟ್ಟುವ ಕಾಗದಗಳಿಂದ ಒಂದು ಬಿಳಿ ಹಾಳೆ ಎಳೆದು ನನ್ನ ಮುಂದಿಟ್ಟರು.

ಬರೆದೆ. ಯಾವ ದಿನದ್ದು, ಯಾವ ಚೀಟಿ, ಹೇಗಾಯಿತು ಎಂದು. ಕೊನೆಗೆ: ‘ತಂತ್ರಾಂಶದಲ್ಲಿ ತಪ್ಪಾಗಿದೆ. ಆಪರೇಟರ್ ಅವರ ತಪ್ಪಿಲ್ಲ.’

ಅವರು ಅದನ್ನು ತುಟಿ ಅಲುಗಿಸುತ್ತ ಓದಿದರು. “ಆಗಿದೆ ಅಂದ್ರೆ? ತಾನಾಗೇ ಆಯ್ತಾ?”

“ಹಂಗೇ ಬರಿಯೋದು. ಆಫೀಸ್ ಕಾಗದದಲ್ಲೆಲ್ಲ ಹಂಗೇ ಇರುತ್ತೆ.” ಅರ್ಜಿ ಟೈಪು ಮಾಡಿ ಮಾಡಿ ಬಂದ ಪಾಂಡಿತ್ಯ ನನ್ನದು.

“ಇದು ಆಫೀಸ್ ಕಾಗದ ಅಲ್ಲ.”

“ಸರಿ, ‘ನನ್ನಿಂದ ತಪ್ಪಾಗಿದೆ’ ಅಂತ ಹಾಕ್ತೀನಿ.”

“ಇಲ್ಲ.”

“‘ನನ್ನ ಅಚಾತುರ್ಯದಿಂದ’ ಅಂತ ಸೇರಿಸ್ಲಾ?”

“ಅದು ಡ್ರೈವರ್‌ಗಳಿಗೆ ಅರ್ಥ ಆಗಲ್ಲ. ‘ತಪ್ಪು ಮಾಡಿದ್ದೇನೆ’ ಅಂತ ಬರೀರಿ. ಮಾಡಿದ್ದೇನೆ.”

ಜೀವನದಲ್ಲಿ ಎಷ್ಟೋ ಜನರ ಹತ್ತಿರ ಎಷ್ಟೋ ಇಳಿಸಿದ್ದೇನೆ. ಈ ಮನುಷ್ಯ ಒಂದಕ್ಷರವೂ ಇಳಿಯಲಿಲ್ಲ. ‘ಆಗಿದೆ’ ಹೊಡೆದುಹಾಕಲು ಹೋದರೆ ಅದಕ್ಕೂ ಬಿಡಲಿಲ್ಲ, ಹೊಸ ಹಾಳೆ ಕೊಟ್ಟರು. ಮೊದಲಿನಿಂದ ಬರೆದೆ. ‘ನೆಟ್’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಕೈಬರಹದಲ್ಲಿ ಕಾಣದ ಅಕ್ಷರ ಸೇರಿಸಲು ಬರುವುದಿಲ್ಲ.

ಮಾರನೆಯ ಬೆಳಗ್ಗೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಮಾಲೀಕರು ಹಾಳೆ ಓದಿದರು. ಮತ್ತೆ ಓದಿದರು. “ಇದನ್ನ ಇಲ್ಲಿ ಅಂಟಿಸಿದ್ರೆ ನನ್ನ ಕಾಟಾಕ್ಕೆ ಯಾರಮ್ಮಾ ಬರ್ತಾರೆ?” ಎಂದು ನನ್ನನ್ನು ಕೇಳಿದರು. ಆಪರೇಟರು, “ನನ್ನ ಹೆಸ್ರು ಇಲ್ಲೇ ಕೆಡ್ಸಿದ್ದಲ್ವಾ ಸಾರ್?” ಎಂದರು. ಮಾಲೀಕರು ತಲೆ ಕೆರೆದುಕೊಂಡು ಲಾರಿಗಳ ಕಡೆ ನೋಡಿದರು. ಬೇಡ ಎನ್ನಲಿಲ್ಲ. ಆಪರೇಟರು ಜೇಬಿನಿಂದ ಗೋಂದಿನ ಬಾಟಲಿ ತೆಗೆದರು. ಮನೆಯಿಂದಲೇ ತಂದಿದ್ದರು.

ನಾನು ಒಳಗೆ ಹೋಗಿ ಕೂತೆ. ಮಾಲೀಕರು ಎರಡನೇ ಕುರ್ಚಿಯಲ್ಲಿ ಕೂತರು. ಬಾಗಿಲು ಮುಚ್ಚಿತು. ತಿದ್ದಿದ ಪ್ರೋಗ್ರಾಂ ಹಾಕಿದೆ; ಕೆಂಪೂ ಬರಲಿಲ್ಲ, ಹಳದಿಯೂ ಬರಲಿಲ್ಲ. ಒಂದು ಲಾರಿ ತೂಗಿಸಿ, ನಡುವೆ ಇನ್ನೊಂದನ್ನು ತೂಗಿಸಿ, ಮೊದಲನೆಯದರ ಡೂಪ್ಲಿಕೇಟ್ ತೆಗೆದೆ. ಸರಿಯಾಗಿತ್ತು. ಅಂದೂ ಹೀಗೆ ಒಂದು ಸಲ ನಡುವೆ ಇನ್ನೊಂದು ಲಾರಿ ಹತ್ತಿಸಿದ್ದರೆ ಸಾಕಿತ್ತು.

ಹಾಳೆ ಗಾಜಿನ ಹೊರಗಡೆ ಇತ್ತು. ಬಿಸಿಲು ತೂರಿ, ಒಳಗಿನಿಂದ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿದ್ದವು. ಟೈಪಿನವಳ ಕಣ್ಣು ನನ್ನದು, ಹಾಗೂ ಓದಿಕೊಂಡೆ. ಒಬ್ಬ ಡ್ರೈವರು ಇಳಿದು ಬಂದವನು, ಹೊರಗೆ ನಿಂತಿದ್ದ ಆಪರೇಟರಿಗೆ, “ಏನ್ ಡೂಪ್ಲಿಕೇಟು, ವಾಪಸ್ ಬಂದ್ಯಾ?” ಎಂದ. ಅವನ ಜೊತೆಯವನು ಹಾಳೆಯ ಮುಂದೆ ಬಗ್ಗಿ ನಿಂತಿದ್ದ. “ಏ, ಸುಮ್ನಿರೋ ಮಾರಾಯ. ಇಲ್ಲಿ ಓದು ಮೊದ್ಲು,” ಎಂದ.

ಇಬ್ಬರೂ ಓದಿದರು. ಓದಿ, ಹಾಳೆಯ ಪಕ್ಕಕ್ಕೆ ಸರಿದು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಗಾಜಿನೊಳಗೆ ಇಣುಕಿದರು. ಅವರ ಹಿಂದೆ ಇನ್ನಷ್ಟು ಜನ ಲಾರಿ ಇಳಿದು ಬರುತ್ತಿದ್ದರು. ನನ್ನ ಕೆಲಸ ಮುಗಿದಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತೆ.

“ಕೂತ್ಕೋಮ್ಮಾ,” ಎಂದರು ಮಾಲೀಕರು, ಕುರ್ಚಿಯಿಂದ ಅಲುಗದೆ. “ಎಲ್ಲಾರೂ ಓದ್ಲಿ. ಆಮೇಲೆ ಹೋಗೀಯಂತೆ.”